ಕಿಟ್ ಬಿಯರ್ ವಿಪರೀತ ಕಹಿಯಾದರೆ: ಮೋರಿಗೆ ಸುರಿಯುವ ಮುನ್ನ

ಕಿಟ್‌ನಿಂದ, ಅಂದರೆ ಡಬ್ಬಿಯಲ್ಲಿ ಬರುವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪಾಕದಿಂದ ಮನೆಯಲ್ಲೇ ಮಾಡಿದ ಬಿಯರ್ ಕಹಿಯಾಯಿತೆಂದರೆ ಎಲ್ಲರೂ ಮೊದಲು ಬೈಯುವುದು ಆ ಪಾಕಕ್ಕೆ ಕಹಿ ಕೊಡುವ ಹಾಪ್ಸ್ ಹೂವನ್ನು. ಆದರೆ ಒಂದು ಡಬ್ಬಿಯ ಪಾಕವನ್ನು ತಯಾರಕರು ಹೇಳಿದಷ್ಟು ನೀರಿಗೆ ಬೆರೆಸಿದ್ದರೆ ಹಾಪ್ಸ್ ಕಹಿ ಸಾಮಾನ್ಯವಾಗಿ ಮಿತಿ ಮೀರುವುದಿಲ್ಲ. ತಪ್ಪು ಹೆಚ್ಚಾಗಿ ಇರುವುದು ಆ ಕಹಿಯ ಸುತ್ತಮುತ್ತ. ಮಾಲ್ಟ್ ಸಾಲದೆ ಬಿಯರ್ ತೆಳ್ಳಗಾಗಿರುತ್ತದೆ, ಇಲ್ಲವೇ ಯೀಸ್ಟ್ ಇನ್ನೂ ತಳ ಸೇರಿರುವುದಿಲ್ಲ, ಇಲ್ಲವೇ ನಾಲಿಗೆಗೆ ತಾಗುತ್ತಿರುವುದು ಕಹಿಯೇ ಆಗಿರುವುದಿಲ್ಲ. ಕಾರಣ ಯಾವುದೆಂದು ತಿಳಿಯದೆ ಏನನ್ನಾದರೂ ಸುರಿದರೆ ಕಹಿ ಬಿಯರ್ ಹೋಗಿ ಕೆಟ್ಟ ಬಿಯರ್ ಬರುತ್ತದೆ. ಹಾಗಾಗಿ ಈ ಕೆಲಸದಲ್ಲಿ ಮುಕ್ಕಾಲು ಪಾಲು ಪತ್ತೆ ಹಚ್ಚುವುದು, ಉಳಿದ ಕಾಲು ಪಾಲು ಮಾತ್ರ ರಿಪೇರಿ.

ಒಂದು ಲೋಟ ತೆಗೆದು ತಂಪಿನಲ್ಲಿಡಿ

ಫರ್ಮೆಂಟರ್‌ನಿಂದಲೋ (ಬಿಯರ್ ಹುದುಗುವ ಪಾತ್ರೆ) ಬಾಟಲಿಯಿಂದಲೋ ಒಂದು ಲೋಟದಷ್ಟು ಬಿಯರ್ ತೆಗೆದು, ಮುಚ್ಚಿ, ಫ್ರಿಜ್‌ನಲ್ಲಿ ಎರಡು ದಿನ ಅಲುಗಾಡಿಸದೆ ಇಡಿ. ತಳದಲ್ಲಿ ಬೂದು ಬಣ್ಣದ ಗಸಿ ಕೂರುತ್ತದೆ. ಮೇಲಿನ ತಿಳಿಯನ್ನು ನಿಧಾನವಾಗಿ ಇನ್ನೊಂದು ಲೋಟಕ್ಕೆ ಬಗ್ಗಿಸಿ, ಹತ್ತು ಡಿಗ್ರಿಯ ಆಸುಪಾಸಿಗೆ ಬರಲು ಬಿಟ್ಟು ಸವಿಯಿರಿ. ಆಮೇಲೆ ತಳದ ಗಸಿಯನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಳ್ಳಿ.

ತಿಳಿ ಹಿತವಾಗಿದ್ದು ಗಸಿ ಮಾತ್ರ ಒರಟಾಗಿ ಕಹಿಯಾಗಿದ್ದರೆ ನಿಮ್ಮ ಬಿಯರ್‌ಗೆ ಯಾವ ರೋಗವೂ ಇಲ್ಲ. ಅದಕ್ಕೆ ಬೇಕಾದದ್ದು ಸಮಯ. ತೇಲುವ ಯೀಸ್ಟ್ ಕಹಿಯಾಗಿರುತ್ತದೆ. ಹಾಪ್ಸ್‌ನ ಕಹಿ ರಾಳವೂ ಯೀಸ್ಟ್ ಕಣಗಳಿಗೆ ಅಂಟಿಕೊಂಡು ತೇಲುತ್ತಿರುತ್ತದೆ. ಹುದುಗುವಿಕೆ ಮುಗಿದ ಮೊದಲ ವಾರದಲ್ಲಿ ಸವಿದು ಗಾಬರಿಯಾಗುವವರ ಸಮಸ್ಯೆ ಬಹುಪಾಲು ಇದೇ. ಬಿಯರ್‌ಗೆ ಹಾಪ್ಸ್ ಗುಳಿಗೆಗಳನ್ನು ನೇರವಾಗಿ ಹಾಕಿದ್ದರಂತೂ ಅವುಗಳ ಹಸಿರು ಪುಡಿ ತೇಲುತ್ತಾ ಗಂಟಲನ್ನು ಕೆರೆಯುತ್ತದೆ. ಅದೂ ತಂಪಿಗೆ ತಾನಾಗಿ ಕೂರುತ್ತದೆ.

ಕಹಿಯೋ, ಒಗರೋ?

ತಿಳಿಯೂ ಹಿಡಿಸದಿದ್ದರೆ ಅದು ಬಾಯಲ್ಲಿ ಏನು ಮಾಡುತ್ತಿದೆ ಎಂದು ಗಮನಿಸಿ. ನಿಜವಾದ ಹಾಪ್ಸ್ ಕಹಿ ಒಂದು ರುಚಿ. ಗುಟುಕು ನುಂಗಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಉಳಿದು, ಸ್ವಲ್ಪ ಹೊತ್ತಿನಲ್ಲಿ ಕರಗುತ್ತದೆ. ಒಗರು ಎನ್ನುವುದು ಸ್ಪರ್ಶ. ಅತಿಯಾಗಿ ಕುದಿಸಿದ ಚಹಾದಂತೆ ಒಸಡು, ಕೆನ್ನೆಯ ಒಳಭಾಗಗಳನ್ನು ಒಣಗಿಸಿ ಎಳೆದು ಹಿಡಿಯುತ್ತದೆ. ಕಿಟ್ ಜೊತೆಗೆ ಒಡೆದ ಧಾನ್ಯವನ್ನು ಬಿಸಿನೀರಿನಲ್ಲಿ ನೆನೆಸಿ ಆ ರಸವನ್ನು ಸೇರಿಸಿದ್ದೀರಾ? ಆ ನೀರು 77 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ, ಅಥವಾ ನೀರು ಕ್ಷಾರೀಯವಾಗಿದ್ದರೆ ಸಿಪ್ಪೆಯ ಟ್ಯಾನಿನ್ ಇಳಿದು ಒಗರು ಬರುತ್ತದೆ. ಬಟ್ಟೆಯಲ್ಲಿ ಕಟ್ಟಿದ ಧಾನ್ಯವನ್ನು ಬಲವಾಗಿ ಹಿಂಡಿದರೂ ಸಿಪ್ಪೆಯ ಪುಡಿ ರಸಕ್ಕೆ ಸೇರಿಕೊಳ್ಳುತ್ತದೆ. ಒಗರಿಗೆ ಸಿಹಿ ಸೇರಿಸಿದರೆ ಏನೂ ಪ್ರಯೋಜನವಿಲ್ಲ. ಟ್ಯಾನಿನ್ ಅನ್ನು ತಳಕ್ಕೆ ಎಳೆಯುವ ತಿಳಿಕಾರಕ ಬೇಕು. ಅದರ ವಿಷಯ ಮುಂದೆ ಬರುತ್ತದೆ.

ಹುಳಿ ಬೆರೆತ ಕಹಿಯಾಗಿದ್ದು, ಬಾಟಲಿ ತೆರೆದಾಗ ನೊರೆ ಉಕ್ಕಿ ಹರಿದರೆ ಅದು ಸೋಂಕು. ಆಸ್ಪತ್ರೆಯ ಔಷಧಿಯ ವಾಸನೆ ಇದ್ದರೆ ನಲ್ಲಿ ನೀರಿನ ಕ್ಲೋರಿನ್ ಅಥವಾ ಸರಿಯಾಗಿ ತೊಳೆಯದ ಬ್ಲೀಚ್ ಕಾರಣವಿರಬಹುದು. ಗಂಟಲು ಸುಡುವಂತಿದ್ದರೆ ತೀರಾ ಸೆಕೆಯಲ್ಲಿ ಹುದುಗಿದೆ ಎಂದರ್ಥ. ಈ ಮೂರಕ್ಕೂ ಇಲ್ಲಿ ಹೇಳುವ ಉಪಾಯಗಳು ಕೆಲಸ ಮಾಡುವುದಿಲ್ಲ. ಅವುಗಳ ಮೇಲೆ ಹೆಚ್ಚಿನ ಸಾಮಾನು ಸುರಿಯಬೇಡಿ.

ಡಬ್ಬಿಯ ಲೆಕ್ಕ

ಕಹಿಯನ್ನು ಅಳೆಯುವ ಮಾನ ಐಬಿಯು. ಒಂದು ಲೀಟರ್ ಬಿಯರ್‌ನಲ್ಲಿ ಒಂದು ಮಿಲಿಗ್ರಾಂ ಕಹಿ ಆಮ್ಲವಿದ್ದರೆ ಸರಿಸುಮಾರು ಒಂದು ಐಬಿಯು. ಎಲ್ಲೆಡೆ ಸಿಗುವ ಹಗುರ ಲಾಗರ್‌ಗಳು 8ರಿಂದ 15ರ ನಡುವೆ ಇರುತ್ತವೆ, ಇಂಡಿಯಾ ಪೇಲ್ ಏಲ್ ಸಲೀಸಾಗಿ 40 ದಾಟುತ್ತದೆ. ಹಗುರ ಲಾಗರ್‌ಗೆ ಒಗ್ಗಿದ ನಾಲಿಗೆಗೆ 30ರ ಬಿಯರ್ ಕಷಾಯದಂತೆ ಅನಿಸುವುದು ಸಹಜ. ಹಾಗಿದ್ದರೆ ನಿಮ್ಮ ಬಿಯರ್ ಕೆಟ್ಟಿಲ್ಲ, ಮುಂದಿನ ಸಲ ಬೇರೆ ಬಗೆಯ ಕಿಟ್ ಆರಿಸಿಕೊಂಡರೆ ಸಾಕು.

ಕೆಲವು ತಯಾರಕರು ಡಬ್ಬಿಯ ಮೇಲೆ ಪ್ರತಿ ಕಿಲೋ ಪಾಕಕ್ಕೆ ಎಷ್ಟು ಕಹಿ ಎಂದು ಅಚ್ಚು ಹಾಕಿರುತ್ತಾರೆ. ಅದನ್ನು ಡಬ್ಬಿಯ ತೂಕದಿಂದ ಗುಣಿಸಿ, ಒಟ್ಟು ಲೀಟರ್‌ನಿಂದ ಭಾಗಿಸಿ. ಕಿಲೋಗೆ 400 ಎಂದಿರುವ 1.7 ಕಿಲೋ ಡಬ್ಬಿಯನ್ನು 23 ಲೀಟರ್ ಮಾಡಿದರೆ 29.6 ಐಬಿಯು ಆಗುತ್ತದೆ. ಅದನ್ನೇ "ಗಟ್ಟಿಯಾಗಿರಲಿ" ಎಂದು 20 ಲೀಟರ್‌ಗೆ ನಿಲ್ಲಿಸಿದರೆ 34ಕ್ಕೆ ಏರುತ್ತದೆ. ಹಾಪ್ಸ್ ಬೆರೆತ ಎರಡು ಡಬ್ಬಿಗಳನ್ನು ಒಂದೇ ಫರ್ಮೆಂಟರ್‌ಗೆ ಹಾಕಿದರೆ 59! ಗಟ್ಟಿ ಬಿಯರ್ ಬೇಕೆಂದು ಹಾಗೆ ಮಾಡುವವರು ಕಡಿಮೆಯೇನಿಲ್ಲ. ಎರಡನೆಯ ಡಬ್ಬಿ ಹಾಪ್ಸ್ ಇಲ್ಲದ್ದಾಗಿರಬೇಕಿತ್ತು.

ಆದರೆ ಐಬಿಯು ಒಂದೇ ಕಥೆ ಹೇಳುವುದಿಲ್ಲ. ಕಹಿಯನ್ನು ತಡೆದು ನಿಲ್ಲಿಸುವುದು ಮಾಲ್ಟ್. ಐಬಿಯು ಅಂಕವನ್ನು ಆರಂಭದ ಸಾಂದ್ರತೆಯ (ಹುದುಗುವ ಮುನ್ನ ದ್ರವ ನೀರಿಗಿಂತ ಎಷ್ಟು ಪಟ್ಟು ಭಾರವೆಂಬ ಅಳತೆ) ಕೊನೆಯ ಎರಡು ಅಂಕಿಗಳಿಂದ, ಅಂದರೆ 1.039 ಇದ್ದರೆ 39ರಿಂದ, ಭಾಗಿಸಿ ನೋಡಿ. 0.5ರ ಸುತ್ತ ಇದ್ದರೆ ಹದವಾಗಿದೆ, 0.8ರ ಹತ್ತಿರ ಹೋದರೆ ಕಹಿ ಎದ್ದು ಕಾಣುತ್ತದೆ. ಮೇಲಿನ ಡಬ್ಬಿಗೆ ಒಂದು ಕಿಲೋ ಸಕ್ಕರೆ ಹಾಕಿ 23 ಲೀಟರ್ ಮಾಡಿದರೆ ಆರಂಭದ ಸಾಂದ್ರತೆ ಸುಮಾರು 1.039, ಅನುಪಾತ 0.76. ಇದಕ್ಕಿಂತ ಮುಖ್ಯವಾದದ್ದು ಹುದುಗಿ ಮುಗಿದ ಮೇಲಿನ, ಕೊನೆಯ ಸಾಂದ್ರತೆ. ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದುಬಿಡುವುದರಿಂದ ಅದು 1.006ರ ಹತ್ತಿರ ಬಂದು ನಿಲ್ಲುತ್ತದೆ. ಸಕ್ಕರೆಯ ಬದಲು ಒಂದು ಕಿಲೋ ಒಣ ಮಾಲ್ಟ್ ಪುಡಿ ಹಾಕಿದ್ದರೆ ಆರಂಭದ ಅಂಕ ಹೆಚ್ಚುಕಡಿಮೆ ಅಷ್ಟೇ ಇದ್ದು, ಕೊನೆಯದು 1.010ರ ಹತ್ತಿರ ನಿಲ್ಲುತ್ತಿತ್ತು. ಆ ನಾಲ್ಕು ಅಂಕಗಳಲ್ಲಿ ಉಳಿಯುವ ಮಾಲ್ಟ್‌ನ ಮೈಕಟ್ಟು ಇಲ್ಲದ ಕಾರಣಕ್ಕೇ ಹೆಚ್ಚಿನ ಕಿಟ್ ಬಿಯರ್‌ಗಳು ಕಹಿ ಎನಿಸುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಜೊತೆಗೆ ಕೊಟ್ಟ ಚೀಟಿಯಲ್ಲಿ "ಒಂದು ಕಿಲೋ ಸಕ್ಕರೆ" ಎಂದು ಬರೆಯುವುದನ್ನು ತಯಾರಕರು ನಿಲ್ಲಿಸಿದರೆ ಅರ್ಧದಷ್ಟು ದೂರುಗಳು ಹುಟ್ಟುವುದೇ ಇಲ್ಲ.

ಮೊದಲ ಚಿಕಿತ್ಸೆ: ಕಾಯುವುದು

ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕ ತೋರಿಸುವವರೆಗೆ ಫರ್ಮೆಂಟರ್ ಅನ್ನು ಮುಟ್ಟಬೇಡಿ. ನಂತರ ಸಾಧ್ಯವಿದ್ದರೆ ಇಡೀ ಪಾತ್ರೆಯನ್ನು 0ರಿಂದ 4 ಡಿಗ್ರಿಯಲ್ಲಿ ಎರಡು ಮೂರು ದಿನ ಇಡಿ. ಫರ್ಮೆಂಟರ್‌ನ ಒಳಗೋಡೆಗೆ, ನೊರೆ ಏರಿದ್ದ ಮಟ್ಟದಲ್ಲಿ, ಕಂದು ಬಣ್ಣದ ಅಂಟು ಉಂಗುರವೊಂದು ಕಟ್ಟಿರುತ್ತದೆ. ಅದು ಬಿಯರ್ ತಾನಾಗಿ ಹೊರಹಾಕಿದ ಕಹಿ ರಾಳ. ಪಾತ್ರೆಯನ್ನು ಅಲುಗಾಡಿಸಿ ಅದನ್ನು ಮತ್ತೆ ಒಳಗೆ ಬೀಳಿಸಬೇಡಿ. ಬಾಟಲಿಗೆ ತುಂಬುವಾಗ ಕೊಳವೆಯ ತುದಿ ಗಸಿಯಿಂದ ಮೇಲಿರಲಿ. ಕೊನೆಯ ಒಂದು ಲೀಟರ್ ಆಸೆಗೆ ಬಿದ್ದು ಗಸಿ ಎಳೆದರೆ ಎಲ್ಲ ಬಾಟಲಿಗೂ ಕಹಿ ಹಂಚಿದಂತಾಗುತ್ತದೆ.

ಬಾಟಲಿ ತುಂಬಿದ ಮೇಲೆ ಎರಡು ವಾರ ಗ್ಯಾಸ್ ಕಟ್ಟಲು ಬೇಕು, ಆಮೇಲೆ ಇನ್ನೂ ನಾಲ್ಕರಿಂದ ಆರು ವಾರ ತಂಪಾದ, ಕತ್ತಲಿನ ಜಾಗದಲ್ಲಿ ಬಿಡಿ. ಯೀಸ್ಟ್ ಕೂರುವುದರ ಜೊತೆಗೆ ಹಾಪ್ಸ್‌ನ ಕಹಿ ಆಮ್ಲಗಳೂ ನಿಧಾನವಾಗಿ ಕಡಿಮೆಯಾಗುತ್ತವೆ. ವಾರಕ್ಕೊಂದು ಬಾಟಲಿ ತೆರೆದು ನೋಡಿ. ಈ ಕಾಯುವಿಕೆಗೆ ಮಿತಿಯೂ ಉಂಟು. ಫರ್ಮೆಂಟರ್‌ನಲ್ಲೇ ಗಸಿಯ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ಯೀಸ್ಟ್ ಸತ್ತು ಒಡೆದು, ಬೇರೆಯದೇ ಒಂದು ಕೆಟ್ಟ ಕಹಿಯನ್ನು ಬಿಡುತ್ತದೆ. ಎರಡು ಮೂರು ವಾರವಾದರೆ ಭಯವಿಲ್ಲ.

ಬಿಯರ್ ಇನ್ನೂ ಫರ್ಮೆಂಟರ್‌ನಲ್ಲಿದ್ದರೆ

ಇಲ್ಲಿ ನಿಮ್ಮ ಕೈಯಲ್ಲಿ ಅತಿ ಹೆಚ್ಚು ಅವಕಾಶವಿದೆ. ನಾನು ಎಲ್ಲಕ್ಕಿಂತ ಮೊದಲು ಸೂಚಿಸುವ ದಾರಿ ಹಾಪ್ಸ್ ಇಲ್ಲದ ಮಾಲ್ಟ್ ಸೇರಿಸುವುದು. ಒಂದು ಕಿಲೋ ತಿಳಿ ಬಣ್ಣದ ಒಣ ಮಾಲ್ಟ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಹತ್ತು ನಿಮಿಷ ಕುದಿಸಿ. ಉಕ್ಕಿ ಒಲೆಗೆ ಚೆಲ್ಲದಂತೆ ದೊಡ್ಡ ಪಾತ್ರೆಯನ್ನೇ ಇಡಿ. ಕೊನೆಗೆ ಮೂರು ಲೀಟರ್ ಉಳಿಯಲಿ. ಮುಚ್ಚಳ ಹಾಕಿ 20 ಡಿಗ್ರಿಗೆ ತಣಿಸಿ, ಫರ್ಮೆಂಟರ್‌ನ ಗೋಡೆಗುಂಟ ಮೆಲ್ಲಗೆ ಬಿಡಿ. ಹುದುಗುವಿಕೆ ಮುಗಿದಿದ್ದರೂ ಮತ್ತೆ ಶುರುವಾಗುತ್ತದೆ. ಪಾತ್ರೆಯಲ್ಲಿ ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮೇಲಿನ ಉದಾಹರಣೆಯ ಬಿಯರ್‌ನಲ್ಲಿ ಇದರ ಫಲ ಹೀಗಿರುತ್ತದೆ: ಒಟ್ಟು 26 ಲೀಟರ್, ಕಹಿ 29.6ರಿಂದ 26ಕ್ಕೆ, ಕೊನೆಯ ಸಾಂದ್ರತೆ 1.006ರಿಂದ 1.009ರ ಆಸುಪಾಸಿಗೆ, ಅನುಪಾತ 0.76ರಿಂದ 0.54ಕ್ಕೆ. ಆಲ್ಕೋಹಾಲ್ ಸ್ವಲ್ಪ ಏರುತ್ತದೆ ನಿಜ, ಆದರೆ ರುಚಿ ಕೃತಕವೆನಿಸುವುದಿಲ್ಲ. ಹೈಡ್ರೋಮೀಟರ್ ಮತ್ತೆ ಮೂರು ದಿನ ಸ್ಥಿರವಾಗಿ ನಿಂತ ಮೇಲೆಯೇ ಬಾಟಲಿ ತುಂಬಿ.

ಜಾಗವಿಲ್ಲ, ಅಥವಾ ಆಲ್ಕೋಹಾಲ್ ಏರುವುದು ಬೇಡ ಎನ್ನುವವರಿಗೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಇದೆ. ಬಿಯರ್ ಯೀಸ್ಟ್ ಇದನ್ನು ತಿನ್ನಲಾರದು, ಸಿಹಿಯೂ ಮಂದ. ಕಪ್ಪು, ಕಂದು ಬಿಯರ್‌ಗಳಿಗೆ ಸೊಗಸಾಗಿ ಹೊಂದುತ್ತದೆ, ಲಾಗರ್‌ಗೆ ಅಷ್ಟಾಗಿ ಹೊಂದುವುದಿಲ್ಲ. ಎಷ್ಟು ಬೇಕೆಂದು ಊಹಿಸುವ ಬದಲು ಲೋಟದಲ್ಲೇ ಪರೀಕ್ಷೆ ಮಾಡಿ. 20 ಗ್ರಾಂ ಲ್ಯಾಕ್ಟೋಸ್ ಅನ್ನು ಬಿಸಿನೀರಿನಲ್ಲಿ ಕರಗಿಸಿ ಒಟ್ಟು 100 ಮಿಲಿ ಮಾಡಿಕೊಳ್ಳಿ. ತಲಾ 200 ಮಿಲಿ ಬಿಯರ್ ಇರುವ ನಾಲ್ಕು ಲೋಟಗಳಲ್ಲಿ ಒಂದನ್ನು ಹಾಗೆಯೇ ಬಿಟ್ಟು, ಉಳಿದವಕ್ಕೆ 5, 10, 15 ಮಿಲಿ ದ್ರಾವಣ ಹಾಕಿ. ಪಕ್ಕದಲ್ಲಿರುವವರಿಗೆ ಯಾವುದು ಯಾವುದೆಂದು ಹೇಳದೆ ರುಚಿ ನೋಡಲು ಕೊಡಿ. 5 ಮಿಲಿ ಲೋಟ ಗೆದ್ದರೆ 23 ಲೀಟರ್‌ಗೆ 115 ಗ್ರಾಂ, 10 ಮಿಲಿಗೆ 230, 15 ಮಿಲಿಗೆ 345 ಗ್ರಾಂ ಬೇಕಾಗುತ್ತದೆ. ಆ ಅಳತೆಯ ಲ್ಯಾಕ್ಟೋಸ್ ಅನ್ನು ಸ್ವಲ್ಪ ನೀರಿನಲ್ಲಿ ಕುದಿಸಿ, ತಣಿಸಿ, ಬಾಟಲಿ ತುಂಬುವ ದಿನ ಸೇರಿಸಿ. ಹಾಲಿನ ಸಕ್ಕರೆ ಜೀರ್ಣವಾಗದವರಿಗೆ ಈ ಬಿಯರ್ ಕೊಡುವ ಮುನ್ನ ಹೇಳಲೇಬೇಕು. ಬಾಟಲಿಯ ಮೇಲೆ ಚೀಟಿ ಅಂಟಿಸಿಬಿಡಿ.

ಸಿಹಿ ಬೇಡ, ಬಿಯರ್ ನೀರುನೀರಾಗಿದೆ ಅಷ್ಟೇ ಎನ್ನುವುದಾದರೆ ಲ್ಯಾಕ್ಟೋಸ್ ಜಾಗದಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದಿಂದ ಮಾಡಿದ ಪುಡಿ ಹಾಕಿ ಇದೇ ಪರೀಕ್ಷೆ ಮಾಡಬಹುದು. 200ರಿಂದ 300 ಗ್ರಾಂ ಸಾಮಾನ್ಯ ಅಳತೆ.

ಒಗರಿನ ಪಾತ್ರೆಗೆ ಜೆಲಟಿನ್ ತಿಳಿಕಾರಕ. ರುಚಿ ಬಣ್ಣಗಳಿಲ್ಲದ ಜೆಲಟಿನ್ ಒಂದು ಟೀ ಚಮಚದಷ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ, 70 ಡಿಗ್ರಿಯವರೆಗೆ ಬಿಸಿ ಮಾಡಿ. ಕುದಿಸಿದರೆ ಶಕ್ತಿ ಹೋಗುತ್ತದೆ. ಮೊದಲೇ ತಂಪು ಮಾಡಿಟ್ಟ ಬಿಯರ್‌ಗೆ ಸುರಿದು ಎರಡು ದಿನ ಬಿಡಿ. ಅದು ಯೀಸ್ಟ್ ಜೊತೆ ಟ್ಯಾನಿನ್ ಅನ್ನೂ ಸ್ವಲ್ಪ ಮಟ್ಟಿಗೆ ಕೆಳಗೆ ಎಳೆಯುತ್ತದೆ. ಜೆಲಟಿನ್ ಪ್ರಾಣಿಜನ್ಯ. ಸಸ್ಯಾಹಾರಿಗಳು ಕುಡಿಯುವ ಬಿಯರ್ ಆದರೆ ಪಿವಿಪಿಪಿ ಎಂಬ ಪುಡಿಯನ್ನು ಬಳಸಿ. ಒಗರಿಗೆ ಜೆಲಟಿನ್‌ಗಿಂತ ಅದೇ ಮೇಲು, ಆದರೆ ಅದು ಪೂರ್ತಿ ತಳ ಸೇರಿದ ಮೇಲಷ್ಟೇ ಬಿಯರ್ ತೆಗೆಯಬೇಕು.

ಬರೀ ನೀರು ಬೆರೆಸಬಹುದೇ? ಕಹಿಯ ಜೊತೆ ಮಾಲ್ಟ್ ಕೂಡ ತೆಳುವಾಗುವುದರಿಂದ ಅನುಪಾತ ಬದಲಾಗುವುದಿಲ್ಲ. 20 ಲೀಟರ್‌ಗೆ ನಿಲ್ಲಿಸಿದ್ದ ಕಿಟ್ ಅನ್ನು, ಕುದಿಸಿ ತಣಿಸಿದ ನೀರಿನಿಂದ 23ಕ್ಕೆ ತರುವುದಕ್ಕಷ್ಟೇ ಇದು ಸರಿ.

ಒಂದು ಎಚ್ಚರಿಕೆ

ಕಹಿ ಮರೆಸಲು ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸಗಳನ್ನು ಬಾಟಲಿಗೆ ಹಾಕಲೇಬೇಡಿ. ಒಳಗಿರುವ ಯೀಸ್ಟ್ ಅಷ್ಟನ್ನೂ ತಿಂದು ಗ್ಯಾಸ್ ಮಾಡುತ್ತದೆ, ಗಾಜು ಸಿಡಿಯುತ್ತದೆ. ಕೈ, ಕಣ್ಣು ಕಳೆದುಕೊಳ್ಳುವ ಅಪಾಯವಿದು. ಮೇಲಾಗಿ ಸಿಹಿಯೂ ಉಳಿಯುವುದಿಲ್ಲ. ಇನ್ನಷ್ಟು ತೆಳ್ಳಗಾದ, ಇನ್ನಷ್ಟು ಕಹಿಯೆನಿಸುವ ಬಿಯರ್ ಉಳಿಯುತ್ತದೆ.

ಗ್ಯಾಸ್‌ಗೆಂದು ಅಳತೆಮಾಡಿ ಹಾಕುವ ಸಕ್ಕರೆಯಲ್ಲೂ ಒಂದು ಸೂಕ್ಷ್ಮವಿದೆ. ಇಂಗಾಲದ ಡೈಆಕ್ಸೈಡ್ ನಾಲಿಗೆಯನ್ನು ಚುಚ್ಚಿ ಕಹಿಗೆ ಮೊನೆ ಕೊಡುತ್ತದೆ. ಕಹಿ ಜಾಸ್ತಿಯಾದ ಬಿಯರ್‌ಗೆ ಲೀಟರ್‌ಗೆ 7 ಗ್ರಾಂ ಬದಲು 4ರಿಂದ 5 ಗ್ರಾಂ ಹಾಕಿದರೆ ಮೃದುವಾಗಿ ಬರುತ್ತದೆ.

ಬಾಟಲಿ ತುಂಬಿದ ಮೇಲೆ

ಬಾಟಲಿಗಳನ್ನೆಲ್ಲ ತೆರೆದು ಮತ್ತೆ ಪಾತ್ರೆಗೆ ಸುರಿದು ಸರಿಪಡಿಸುವ ಯೋಚನೆ ಬಿಡಿ. ಗಾಳಿ ಬೆರೆತು ಬಿಯರ್ ಕೆಲವೇ ದಿನಗಳಲ್ಲಿ ಒದ್ದೆ ರಟ್ಟಿನ ರುಚಿಗೆ ತಿರುಗುತ್ತದೆ. ಈಗ ಮಾಡಬಹುದಾದ್ದು ಲೋಟದಲ್ಲಿ ಮಾತ್ರ.

ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ಎರಡು ದಿನ ಫ್ರಿಜ್‌ನಲ್ಲಿಟ್ಟು, ಒಂದೇ ಬಾರಿಗೆ ನಿಧಾನವಾಗಿ ಬಗ್ಗಿಸಿ, ತಳದ ಒಂದು ಸೆಂಟಿಮೀಟರ್ ಬಿಟ್ಟುಬಿಡಿ. ಮಂಜುಗಡ್ಡೆಯಷ್ಟು ತಣ್ಣಗೆ ಕುಡಿಯಬೇಡಿ, ಅತಿ ತಂಪಿನಲ್ಲಿ ಮಾಲ್ಟ್‌ನ ಸಿಹಿ, ಪರಿಮಳ ಅಡಗಿ ಕಹಿ ಒಂಟಿಯಾಗಿ ನಿಲ್ಲುತ್ತದೆ. 8ರಿಂದ 12 ಡಿಗ್ರಿ ಒಳ್ಳೆಯದು. ಉಪ್ಪು ಕೂಡ ಕೆಲಸ ಮಾಡುತ್ತದೆ, ಸೋಡಿಯಂ ಕಹಿಯ ಗ್ರಹಿಕೆಯನ್ನು ತಗ್ಗಿಸುತ್ತದೆ. ಲೋಟಕ್ಕೆ ನಾಲ್ಕೈದು ಹರಳು ಸಾಕು. ಉಪ್ಪಿನ ರುಚಿ ತಿಳಿದರೆ ಅತಿಯಾಯಿತೆಂದೇ ಲೆಕ್ಕ. ಹಾಕಿದ ಕೂಡಲೇ ನೊರೆ ಏಳುವುದರಿಂದ ಲೋಟವನ್ನು ತುಂಬಿಸಿರಬೇಡಿ. ನಿಂಬೆ ಸೋಡಾ ಅಥವಾ ಶುಂಠಿ ಸೋಡಾವನ್ನು ಸಮಪಾಲು ಬೆರೆಸಿ ಶ್ಯಾಂಡಿ ಮಾಡಿಕೊಳ್ಳುವುದು ಹಳೆಯ ಪದ್ಧತಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕಹಿ ಕಡಿಮೆ ಇರುವ ಇನ್ನೊಂದು ಬಿಯರ್ ಜೊತೆ ಲೋಟದಲ್ಲೇ ಬೆರೆಸಿದರೆ ಇನ್ನೂ ಚೆನ್ನ. ಗೋಧಿ ಬಿಯರ್ ಇದಕ್ಕೆ ಹೇಳಿ ಮಾಡಿಸಿದ್ದು.

ಬೆರಕೆಯನ್ನು ದೊಡ್ಡ ಪ್ರಮಾಣದಲ್ಲೂ ಮಾಡಬಹುದು, ಆದರೆ ಬಾಟಲಿ ತುಂಬುವ ಮುನ್ನ. 35 ಐಬಿಯು ಬಿಯರ್‌ಗೆ ಅಷ್ಟೇ ಪ್ರಮಾಣದ 10 ಐಬಿಯು ಬಿಯರ್ ಸೇರಿದರೆ 22.5 ಆಗುತ್ತದೆ. ಎರಡೂ ಹುದುಗಿ ಮುಗಿದಿರಬೇಕು. ಒಂದರ ಯೀಸ್ಟ್ ಇನ್ನೊಂದು ಉಳಿಸಿದ ಸಕ್ಕರೆಯನ್ನು ತಿನ್ನಬಹುದಾದ್ದರಿಂದ ಬೆರೆಸಿದ ಮೇಲೆ ಒಂದು ವಾರ ಫರ್ಮೆಂಟರ್‌ನಲ್ಲೇ ಬಿಟ್ಟು, ಸಾಂದ್ರತೆ ನೋಡಿ ಬಾಟಲಿ ತುಂಬಿ. ಕೊಳವೆಯಿಂದ ತಳದಲ್ಲಿ ಮೆಲ್ಲಗೆ ಇಳಿಸಿ, ಮೇಲಿನಿಂದ ಧುಮುಕಿಸಬೇಡಿ.

ಮುಂದಿನ ಕಿಟ್ ತೆರೆಯುವಾಗ

ಸಕ್ಕರೆ ಬಿಟ್ಟು ಒಣ ಮಾಲ್ಟ್ ಪುಡಿ ಹಾಕಿ. ಮೇಲಿನ ಡಬ್ಬಿಗೆ ಒಂದೂವರೆ ಕಿಲೋ ಹಾಕಿದರೆ ಅನುಪಾತ 0.64ಕ್ಕೆ ಇಳಿಯುತ್ತದೆ. ಹೆಚ್ಚುವರಿ ಹಾಪ್ಸ್ ಹಾಕುವ ಆಸೆಯಿದ್ದರೆ ಕುದಿಸಬೇಡಿ: ಕುದಿಯುವ ಶಾಖದಲ್ಲಿ ಹಾಪ್ಸ್‌ನ ಆಲ್ಫಾ ಆಮ್ಲ ರೂಪ ಬದಲಿಸಿ ಕಹಿಯಾಗುತ್ತದೆ, 80 ಡಿಗ್ರಿಗಿಂತ ಕೆಳಗೆ ಈ ಕ್ರಿಯೆ ಬಹಳ ನಿಧಾನ. 70 ಡಿಗ್ರಿ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ಸೋಸಿ ಹಾಕಿದರೆ ಪರಿಮಳವಷ್ಟೇ ಬರುತ್ತದೆ. ಡಬ್ಬಿಯ ಪಾಕದ ಕಹಿ ಕಾರ್ಖಾನೆಯಲ್ಲೇ ಕುದಿದು ತಯಾರಾಗಿರುತ್ತದೆ. ನೀವು ಮತ್ತೆ ಕುದಿಸಿದರೆ ಅದು ಇಳಿಯುವುದಿಲ್ಲ, ಪರಿಮಳ ಹಾರಿ ಬಣ್ಣ ಗಾಢವಾಗುತ್ತದೆ.

ನೀರಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಕಹಿ ಚೂಪಾಗುತ್ತದೆ, ಕ್ಲೋರೈಡ್ ಹೆಚ್ಚಿದ್ದರೆ ಮಾಲ್ಟ್ ತುಂಬಿಕೊಂಡಂತೆ ಅನಿಸುತ್ತದೆ. ಆದ್ದರಿಂದ ಎಲ್ಲೋ ಓದಿ ಸಲ್ಫೇಟ್ ಇರುವ ಜಿಪ್ಸಮ್ ಹಾಕುವ ರೂಢಿಯಿದ್ದರೆ ಬಿಡಿ. ಗಡಸು, ಕ್ಷಾರೀಯ ನೀರಿನಲ್ಲಿ ಹಾಪ್ಸ್ ಕಹಿ ಒರಟಾಗುತ್ತದೆ. ಅರ್ಧದಷ್ಟು ಆರ್‌ಒ ನೀರು ಬೆರೆಸಿದರೆ ಬದಲಾವಣೆ ತಿಳಿಯುತ್ತದೆ. ಏಲ್ ಯೀಸ್ಟ್ ಅನ್ನು 18ರಿಂದ 20 ಡಿಗ್ರಿಯಲ್ಲಿ ಹುದುಗಿಸಿ.

ಡಬ್ಬಿಯ ತಾರೀಖನ್ನು ಮಾತ್ರ ಮರೆಯದೆ ನೋಡಿ. ಸೆಕೆಯಲ್ಲಿ ವರ್ಷಗಟ್ಟಲೆ ಕುಳಿತ ಪಾಕ ಕಪ್ಪಾಗಿ, ಶಾಯಿಯಂಥ ಒಂದು ಕಹಿಯನ್ನು ತಂದುಕೊಳ್ಳುತ್ತದೆ. ಅದನ್ನು ಮಾಲ್ಟ್, ಲ್ಯಾಕ್ಟೋಸ್, ಕಾಯುವಿಕೆ ಯಾವುದೂ ಅಳಿಸಲಾರದು. ಅಂಥ ಡಬ್ಬಿಯನ್ನು ತೆರೆಯದೆ ಅಂಗಡಿಗೆ ಹಿಂದಿರುಗಿಸಿ.